ಪಂಪಮ್ಮನ ಕೂದಲೂ ನನ್ನ ವಿಜ್ಞಾನವೂ

ಪಂಪಮ್ಮನನ್ನು ನಾನು ಮೊದಲು ಕಂಡದ್ದು ಕಂಪ್ಲಿಯಲ್ಲಿ, ಅವರ ಮನೆಯ ಪಡಸಾಲೆಯಲ್ಲಿ, ಹೆಣ್ಣು ನೋಡಲು ಹೋದ ದಿನ. ಕಂಡೆ ಎಂದರೆ ಪೂರ್ಣ ಸತ್ಯವಾಗದು. ಅವಳು ತಲೆಯನ್ನೇ ಎತ್ತಲಿಲ್ಲವಾದ್ದರಿಂದ ನನಗೆ ಕಂಡದ್ದು ಬೈತಲೆ. ಎದ್ದು ಒಳಗೆ ಹೋಗುವಾಗ ಜಡೆ. ಕೊಬ್ಬರಿ ಎಣ್ಣೆ ಕುಡಿದು ಮಿಂಚುತ್ತಿದ್ದ ಆ ಜಡೆಯಲ್ಲಿ ಒಂದು ಕೂದಲೂ ಸಾಲು ತಪ್ಪಿರಲಿಲ್ಲ. ಗಾದಿಗನೂರಿನ ಪ್ರೌಢಶಾಲೆಗೆ ಆಗಷ್ಟೇ ವಿಜ್ಞಾನದ ಮೇಷ್ಟ್ರಾಗಿ ಸೇರಿದ್ದ ನನಗೆ ಆ ಶಿಸ್ತು ಬಹಳ ಹಿಡಿಸಿತು. (ನನ್ನ ತರಗತಿಯಲ್ಲಿ ಅಂಥ ಶಿಸ್ತನ್ನು ನಿವೃತ್ತಿಯವರೆಗೂ ಒಂದು ದಿನವೂ ಕಾಣಲಿಲ್ಲ.)

"ಹುಡುಗಿ ಹೆಂಗ ಅದಾಳಲೇ?" ಎಂದು ಬಸ್ಸಿನಲ್ಲಿ ಅವ್ವ ಕೇಳಿದಳು.

"ಜಡಿ ಚಲೋ ಐತವ್ವ."

"ಹಂಗಂದ್ರ ಲಗ್ನ ಜಡಿ ಕೂಡ ಆಗ್ತಿ?"

ಹಾಗೆಯೇ ಆಯಿತು. ನಲವತ್ತೊಂದು ವರ್ಷ ಆ ಕೂದಲು ನನ್ನ ಮನೆಯಲ್ಲಿ ಮರ್ಯಾದೆಯಿಂದ ಬಾಳಿತು. ಕೆಟ್ಟದ್ದು ಹೋದ ದೀಪಾವಳಿಗೆ. ಮೊಮ್ಮಗಳು ಸ್ನೇಹಾ ಬಂದವಳು, "ಅಜ್ಜಿ, ನಿನ್ ಎಣ್ಣಿ ತಲಿಗೆ ಸಂಡೂರಿನ ಅದಿರು ಲಾರಿ ಧೂಳೆಲ್ಲಾ ಅಂಟ್ಕೊಂಡೈತಿ. ಹಿಂಡಿದ್ರ ಒಂದು ಕೆಜಿ ಕಬ್ಬಿಣ ಸಿಗ್ತದ" ಎಂದು ಹೇಳಿ, ಒಂದು ಶಾಂಪೂ ಬಾಟಲಿ ಮತ್ತು ಒಂದು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಬ್ರಷ್ ಕೊಟ್ಟು ಹೋದಳು. ಪಂಪಮ್ಮ ಎಣ್ಣೆ ಬಿಟ್ಟಳು.

ಜನವರಿ ಬಂತು. ಹೊಸಪೇಟೆಯ ಜನವರಿಯ ಗಾಳಿಯಲ್ಲಿ ಹಪ್ಪಳ ಒಣಗಿಸಲು ಬಿಸಿಲೇ ಬೇಕಾಗಿಲ್ಲ. ಪಂಪಮ್ಮ ಬ್ರಷ್ ಎತ್ತಿದಳೆಂದರೆ ಚಟಪಟ ಸದ್ದು. ಬ್ರಷ್ ಹೋದಲ್ಲಿಗೆ ಕೂದಲೂ ಹಿಂಬಾಲಿಸುವುದು. ಕೊನೆಗೆ ಒಂದೊಂದು ಬಿಳಿಕೂದಲೂ ಇನ್ನೊಂದರ ಮೇಲೆ ಮುನಿಸಿಕೊಂಡಂತೆ ದೂರ ನಿಲ್ಲುವುದು. ಒಡೆದ ಹತ್ತಿಕಾಯಿಗೆ ಕುಂಕುಮವಿಟ್ಟಂತೆ ಕಾಣುತ್ತಿದ್ದಳು. (ಈ ಉಪಮೆಯನ್ನು ನಾನು ಬಾಯಿಬಿಟ್ಟು ಹೇಳಿದೆ. ಆ ದಿನದ ಉಪ್ಪಿಟ್ಟಿನಲ್ಲಿ ಉಪ್ಪಿರಲಿಲ್ಲ.)

ಇದು ನಗುವ ವಿಷಯವಾಗಿರಲಿಲ್ಲ. ಏಕೆಂದರೆ ಪಂಪಮ್ಮ ಫೋಟೊ ತೆಗೆಸಿಕೊಳ್ಳಬೇಕೆಂದು ನಿಶ್ಚಯಿಸಿದ್ದಳು.

"ನಂದೊಂದು ಚಲೋ ಫೋಟೊ ಇಲ್ಲ ನೋಡ್ರಿ. ಲಗ್ನದ ಫೋಟೊದಾಗ ತಲಿ ತಗ್ಗಿಸಿ ಕುಂತೀನಿ. ಆಧಾರ ಕಾರ್ಡಿನಾಗ ಕಳ್ಳಿ ಹಂಗ ಬಂದೀನಿ, ವೋಟರ್ ಕಾರ್ಡಿನಾಗ ಆ ಕಳ್ಳಿ ಅವ್ವನ ಹಂಗ. ನಾಳೆ ಗ್ವಾಡಿಗೆ ಹಾಕಾಕಾರ ಒಂದು ಬೇಕಲ್ಲ?"

"ಗ್ವಾಡಿ ಮಾತ್ಯಾಕ ಈಗ?"

"ಹೋದ ಮ್ಯಾಲೆ ನೀವು ಆಧಾರ ಕಾರ್ಡಿಂದೇ ದೊಡ್ಡದು ಮಾಡಿಸ್ತೀರಿ. ನನಗ ಗೊತ್ತೈತಿ ನಿಮ್ಮ ಬುದ್ಧಿ."

ನನ್ನ ಬುದ್ಧಿ ನನಗೂ ಗೊತ್ತಿತ್ತು. ಭಾನುವಾರ ಹನ್ನೊಂದು ಗಂಟೆಗೆ ಮುರುಗೇಶನ ಸ್ಟುಡಿಯೊಗೆ ಇಬ್ಬರೂ ಹೋಗುವುದೆಂದು ನಿಶ್ಚಯವಾಯಿತು. ಮುರುಗೇಶ ನನ್ನ ಹಳೆಯ ಶಿಷ್ಯ.

ಭಾನುವಾರ ಬೆಳಿಗ್ಗೆ ಕನ್ನಡಿಯ ಮುಂದೆ ಪಂಪಮ್ಮ ಕಣ್ಣೀರಿನ ಅಂಚಿಗೆ ಬಂದಿದ್ದಳು. ಬಾಚಿದಷ್ಟೂ ಕೂದಲು ಏಳುತ್ತಿತ್ತು. ನನ್ನೊಳಗಿನ ಮೇಷ್ಟ್ರು ಎದ್ದು ನಿಂತರು.

"ಇದು ಸ್ಥಾಯೀ ವಿದ್ಯುತ್ತು. ಉಜ್ಜಿದ್ದರಿಂದ ಹುಟ್ಟಿದ್ದು. ಇದನ್ನ ಭೂಮಿಗೆ ಇಳಿಸಿಬಿಟ್ರ ಮುಗೀತು."

"ನನ್ನ ಭೂಮಿಗೆ ಇಳಿಸೂ ಮಾತು ಆಡಬ್ಯಾಡ್ರಿ."

"ನಿನ್ನಲ್ಲ, ವಿದ್ಯುತ್ತನ್ನ. ಕಾಲು ಚಾಚು."

ನನ್ನ ತರ್ಕ ಹೀಗಿತ್ತು: ಲೋಹಗಳಲ್ಲೆಲ್ಲ ಉತ್ತಮ ವಾಹಕ ಬೆಳ್ಳಿ. ಮುತ್ತೈದೆಯ ಕಾಲ್ಬೆರಳಿನಲ್ಲಿ ಬೆಳ್ಳಿಯ ಕಾಲುಂಗುರ. ನಮ್ಮ ಹಿರಿಯರು ಇಷ್ಟೆಲ್ಲ ಮುಂದಾಲೋಚಿಸಿ ಏರ್ಪಾಡು ಮಾಡಿಟ್ಟಿರುವಾಗ ಅದಕ್ಕೊಂದು ತಂತಿ ಸಿಕ್ಕಿಸುವ ಕೆಲಸ ಮಾತ್ರ ನನ್ನದು. ತಾಮ್ರದ ತಂತಿಯ ಒಂದು ತುದಿಯನ್ನು ಕಾಲುಂಗುರಕ್ಕೆ ಸುತ್ತಿದೆ. ಇನ್ನೊಂದನ್ನು ಕಿಟಕಿಯಿಂದ ಹಾಯಿಸಿ ಮೀಟರಿನ ಕೆಳಗಿನ ಅರ್ಥಿಂಗ್ ಗುಂಡಿಯಲ್ಲಿ ನೆಟ್ಟೆ. ಗುಂಡಿಗೆ ಎರಡು ಹಿಡಿ ಉಪ್ಪು ಹಾಕಿ ಒಂದು ಕೊಡ ನೀರನ್ನೂ ಸುರಿದೆ.

"ಈಗ ಬಾಚು."

ಬಾಚಿದಳು. ಚಟಪಟ. ಕೂದಲು ಮೊದಲಿಗಿಂತ ಒಂದು ಗೇಣು ಮೇಲೇ ನಿಂತಿತು.

ಆಗ ನನಗೆ ನೆನಪಾಯಿತು: ಕೂದಲು ಅವಾಹಕ. ಅದರಲ್ಲಿ ಕುಳಿತ ವಿದ್ಯುತ್ತು ಕಾಲಿನ ದಾರಿ ಹಿಡಿದು ಇಳಿಯುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ಬರೆಯದ ಎಷ್ಟೋ ಮಕ್ಕಳಿಗೆ ನಾನು ಸೊನ್ನೆ ಸುತ್ತಿದ್ದೆ.

ಅಷ್ಟರಲ್ಲಿ ಹೂವಿನ ಜಂಬವ್ವ ಬಾಗಿಲಲ್ಲಿ ಬುಟ್ಟಿ ಇಳಿಸಿದಳು. ಕಿಟಕಿಯಿಂದ ಬಂದ ತಂತಿಯನ್ನು ಅವಳ ಕಣ್ಣು ಹಿಂಬಾಲಿಸಿಕೊಂಡು ಹೋಗಿ ಪಂಪಮ್ಮನ ಕಾಲಿನಲ್ಲಿ ನಿಂತಿತು.

"ಯವ್ವಾ, ಇದೇನ್ರೀ ಮೇಷ್ಟ್ರ, ಅಮ್ಮಾರ್ನ ಯಾಕ ಕಟ್ಟಿ ಹಾಕೀರಿ? ಓಡಿ ಹೊಂಟಿದ್ರೇನು?"

"ಇನ್ನೂ ಹೊಂಟಿಲ್ಲ, ಇವತ್ತು ಹೋದೇನು" ಎನ್ನುತ್ತ ಪಂಪಮ್ಮ ಎದ್ದಳು. ತಂತಿಯನ್ನು ಮರೆತು ಎದ್ದಳು. ಕಾಲು ಬಾಗಿಲಿಗೆ ಬಂತು, ಕಾಲುಂಗುರ ಕಿಟಕಿಗೆ ಹೋಯಿತು.

ಅಲ್ಲಿಂದ ಸಿಡಿದು ಮಂಚದ ಕೆಳಗೆ ಉರುಳಿತು.

"ಗಂಡ ಹೋದ ಮ್ಯಾಲೆ ಕಾಲುಂಗುರ ತೆಗೀತಾರ" ಎಂದಳು ಪಂಪಮ್ಮ ನಿಧಾನವಾಗಿ. "ಬದುಕಿದ್ದಾಗ ತಾನೇ ತಂತಿ ಕಟ್ಟಿ ಎಳೆದ ಗಂಡ ನಿಮ್ಮ ಹೊರತು ಇನ್ನೊಬ್ಬ ಇರ್ಲಿಕ್ಕಿಲ್ಲ."

ನಾನು ಮಂಚದ ಕೆಳಗೆ ತೂರಿ ಉಂಗುರ ಹುಡುಕಿ, ಮೊಣಕಾಲೂರಿ ಮತ್ತೆ ತೊಡಿಸಿದೆ. ಜಂಬವ್ವ ಸೆರಗು ಬಾಯಿಗೆ ಹಿಡಿದು, "ಇನ್ನೊಮ್ಮೆ ಲಗ್ನ ಆತು ಬಿಡ್ರಿ" ಎಂದಳು. ಆಮೇಲೆ ಹೂವಿನ ಮೇಲೆ ಹೊದಿಸಿದ್ದ ಒದ್ದೆ ಬಟ್ಟೆಯಲ್ಲಿ ಅಂಗೈ ಒರೆಸಿಕೊಂಡು, ಎರಡು ಹನಿ ಕೊಬ್ಬರಿ ಎಣ್ಣೆ ಕೇಳಿ ಪಡೆದು, ಪಂಪಮ್ಮನ ತಲೆಯ ಮೇಲೆ ಸವರಿದಳು. ದೇವರ ಗೂಡಿನ ಪಕ್ಕದಲ್ಲಿ ಬಿದ್ದಿದ್ದ ಕಟ್ಟಿಗೆಯ ಹಣಿಗೆಯಿಂದ ಬಾಚಿದಳು. ಕೂದಲು ಬೆಕ್ಕಿನ ಮರಿಯಂತೆ ಮಲಗಿತು. ಮೇಲೊಂದು ಮೊಳ ಮಲ್ಲಿಗೆ.

"ತೇವಾಂಶ ವಿದ್ಯುತ್ತನ್ನು ಒಯ್ಯುತ್ತದೆ. ಕಟ್ಟಿಗೆ ಪ್ಲಾಸ್ಟಿಕ್ಕಿನಂತಲ್ಲ. ನಾನು ಹೇಳಬೇಕೆಂದಿದ್ದೆ" ಎಂದೆ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ.

ಆಟೋದಲ್ಲಿ ಚಳಿಗಾಳಿ ಬೀಸುತ್ತಿತ್ತು. ಉಣ್ಣೆಯ ಮಂಕಿ ಕ್ಯಾಪನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಕುಳಿತೆ. ಪಂಪಮ್ಮ ಮಾತ್ರ ಸೆರಗನ್ನೂ ತಲೆಗೆ ತಾಗಿಸದೆ, ತುಂಬಿದ ಕೊಡ ಹೊತ್ತವಳಂತೆ ನೆಟ್ಟಗೆ ಕುಳಿತಿದ್ದಳು.

ಸ್ಟುಡಿಯೊದಲ್ಲಿ ಮುರುಗೇಶ ಇಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ, "ಸರ್, ಟೋಪಿ ತೆಗೀರಿ" ಎಂದ. ಒಂದೇ ಎಳೆತಕ್ಕೆ ತೆಗೆದೆ. ಏನೋ ಚಟಪಟ ಎಂದಿತು, ಅವನ ದೀಪದ್ದಿರಬೇಕೆಂದುಕೊಂಡೆ.

"ಸರ್, ಸ್ವಲ್ಪ ನಿಮ್ಮ..."

"ಮುರುಗೇಶ, ಕೆಲಸದ ಹೊತ್ತಿನಲ್ಲಿ ಮಾತಿಲ್ಲ."

"ಇಲ್ಲ ಸರ್, ನಿಮ್ಮ ತಲಿ..."

"ಎಂಟನೆಯ ತರಗತಿಯಲ್ಲೂ ನಿನ್ನದು ಇದೇ ಚಾಳಿ. ಒತ್ತು."

ಶಿಷ್ಯ ಒತ್ತಿದ.

ಮೂರನೆಯ ದಿನ ಫೋಟೊ ಬಂತು. ಪಂಪಮ್ಮ ತಲೆ ಎತ್ತಿ, ತುಸುವೇ ನಗುತ್ತ, ಒಂದು ಕೂದಲೂ ಸಾಲು ತಪ್ಪದೆ ಕುಳಿತಿದ್ದಾಳೆ. ಪಕ್ಕದಲ್ಲಿ ನಾನು. ನನ್ನ ತಲೆಯಲ್ಲಿ ಉಳಿದಿರುವ ಹನ್ನೊಂದು ಕೂದಲೂ ಪ್ರಾರ್ಥನೆಯ ಗಂಟೆ ಬಾರಿಸಿದಂತೆ ಎದ್ದು ನೆಟ್ಟಗೆ ನಿಂತಿವೆ. ಕಂಪ್ಯೂಟರಿನಲ್ಲಿ ಮಲಗಿಸುತ್ತೇನೆಂದು ಮುರುಗೇಶ ಫೋನ್ ಮಾಡಿದ. ಪಂಪಮ್ಮ ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ಅದೆಲ್ಲಾ ಬ್ಯಾಡಪ್ಪ, ನಾನು ಹೇಳಿದಂಗ ಮಾಡು" ಎಂದು ಒಳಗೆ ಹೋದಳು.

ಅವಳು ಹೇಳಿದಂತೆ ಮಾಡಿದ ಫೋಟೊ ಈಗ ನಮ್ಮ ಪಡಸಾಲೆಯಲ್ಲಿದೆ, ಎರಡಡಿ ಎತ್ತರ, ಬಂಗಾರದ ಬಣ್ಣದ ಚೌಕಟ್ಟು. ಅವಳದೇ ಫೋಟೊ, ಬಲಗಡೆಯ ಅಂಚಿನಲ್ಲಿ ಮಾತ್ರ, ಅವಳಿಗೆ ತೀರ ಹತ್ತಿರವಿದ್ದು ಕತ್ತರಿಸಲಾಗದ್ದಕ್ಕೆ, ನನ್ನ ಒಂದು ಕಿವಿ ಉಳಿದುಕೊಂಡಿದೆ. ಈಚೆಗೆ ಪಂಪಮ್ಮ ಓಣಿಯ ಹೆಂಗಸರನ್ನು ದಿನಕ್ಕೊಬ್ಬರಂತೆ ಚಹಾಕ್ಕೆ ಕರೆದು ಅದರ ಎದುರಿಗೇ ಕೂರಿಸುತ್ತಿದ್ದಾಳೆ. ನಿನ್ನೆ ಬಂದದ್ದು ಎದುರುಮನೆಯ ಶೈಲಜಾ.

"ಭಾಳ ಮಸ್ತ್ ಬಂದೈತ್ರೀ ಅಮ್ಮಾರ. ಆದ್ರ ಈ ಕಿವಿ ಯಾರ್ದು?"

"ನಮ್ಮ ಮೇಷ್ಟ್ರುದವ್ವ" ಎಂದಳು ಪಂಪಮ್ಮ, ಚಹಾ ಬಗ್ಗಿಸುತ್ತ. "ಪಾಪ, ತಲಿಗೆ ಕರೆಂಟ್ ಜಾಸ್ತಿ ಆಗಿತ್ತು. ನಾನೇ ಲೈನ್ ಕಟ್ ಮಾಡಿಸೀನಿ."