ಟಾರ್ಚಿಗೆ ನಾರಿನ ಸ್ವೆಟರು

ಚೆನ್ನಾಗಿರುವ ಸಾಮಾನನ್ನು ಬಿಚ್ಚಿ, ಇನ್ನೂ ಚೆನ್ನಾಗಿ ಮಾಡುತ್ತೇನೆಂದು ಹೊರಡುವುದು ಒಂದು ಕಾಯಿಲೆ. ಅದಕ್ಕೆ ಮದ್ದಿಲ್ಲ. ಬಂದವನಿಗಿಂತ ಅವನ ಮನೆಯವರೇ ಹೆಚ್ಚು ನರಳುತ್ತಾರೆ. ನನಗಿದು ಬಂದು ಇಪ್ಪತ್ತು ವರ್ಷವಾಯಿತು. ನಮ್ಮ ಮನೆಯ ಮಿಕ್ಸಿಗೆ ಈಗ ಒಂದೇ ವೇಗ, ಫ್ಯಾನಿಗೆ ಅದೂ ಇಲ್ಲ. ದಂಡಿನಶಿವರದ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿರುವುದರಿಂದ ಇದನ್ನೆಲ್ಲ ಪ್ರಯೋಗವೆಂದು ಕರೆದು ಬಚಾವಾಗುತ್ತಾ ಬಂದಿದ್ದೇನೆ.

ಈಚಿನ ಪ್ರಯೋಗ ನಮ್ಮಪ್ಪನ ಕಾಲದ ಮೂರು ಸೆಲ್ಲಿನ ಸ್ಟೀಲ್ ಟಾರ್ಚು. ಅದರ ಬಡಪಾಯಿ ಬಲ್ಬನ್ನು ಕಿತ್ತು, ದೊಡ್ಡ ಎಲ್‌ಇಡಿ ಕೂರಿಸಿ, ಚಾರ್ಜ್ ಮಾಡುವ ಬ್ಯಾಟರಿ ತುಂಬಿದೆ. ಸಾಮಾನು ಕೊಟ್ಟ ತಿಪಟೂರಿನ ರಿಪೇರಿ ಅಂಗಡಿಯ ಶಿವಣ್ಣ, "ಮೇಷ್ಟ್ರೇ, ಬೆಳಕೇನೋ ಮುಂದಕ್ಕೆ ಹೋಯ್ತದೆ. ಬಿಸಿ ಎಲ್ಲಿಗೋಗ್ಬೇಕು, ಅದುನ್ನೇಳಿ" ಎಂದ. ವಿಜ್ಞಾನದ ಮೇಷ್ಟ್ರಿಗೇ ಪಾಠವೇ ಎಂದು ನಕ್ಕು ಬಂದೆ. ಗುಂಡಿ ಒತ್ತಿದರೆ ಎಂಥ ಬೆಳಕು! ಸಂಜೆಗತ್ತಲಲ್ಲಿ ತೋಟದಾಚೆಯ ಮರದ ಗರಿಗಳನ್ನು ಎಣಿಸಬಹುದಿತ್ತು. ಆದರೆ ಮೂರೇ ನಿಮಿಷ. ನಾಲ್ಕನೆಯ ನಿಮಿಷಕ್ಕೆ ಟಾರ್ಚು ಕಾದ ಕಾವಲಿಯಾಗಿ ಅಂಗೈ ಚುರ್ ಎಂದಿತು.

ನಮ್ಮ ಕಡೆ ಹಸು ಕಟ್ಟಲು, ಪಾತ್ರೆ ಉಜ್ಜಲು, ಬೇಲಿ ಬಿಗಿಯಲು ಎಲ್ಲದಕ್ಕೂ ತೆಂಗಿನ ನಾರೇ. ನಾನೂ ನಾರಿನ ಹುರಿ ತಂದು ಟಾರ್ಚಿನ ತಲೆಯಿಂದ ಬುಡದವರೆಗೆ ಒತ್ತೊತ್ತಾಗಿ ಸುತ್ತಿದೆ. ಕೈಗೆ ತಣ್ಣಗಾಯಿತು! ಆ ಹುರುಪಿನಲ್ಲಿ ಇನ್ನೊಂದು ಸುತ್ತು ಹಾಕಿದೆ. ವಿಚಿತ್ರವೆಂದರೆ ಈಗ ಎರಡೇ ನಿಮಿಷಕ್ಕೆ ಬೆಳಕು ಮಂಕಾಗಿ ಆರಿಹೋಗುತ್ತಿತ್ತು. ಶಿವಣ್ಣ ಕಳಪೆ ಬ್ಯಾಟರಿ ಕೊಟ್ಟನೆಂದು ಮನಸ್ಸಿನಲ್ಲೇ ಬೈದೆ.

ಇಷ್ಟರಲ್ಲಿ ಹೆಂಡತಿ ಗಿರಿಜಳ ಓಲೆ ಕಳೆಯಿತು. ಕೊಬ್ಬರಿಗೆಂದು ಹತ್ತು ತಿಂಗಳಿಂದ ಅಟ್ಟದಲ್ಲಿ ಒಣಗುತ್ತಿದ್ದ ಕಾಯಿಗಳನ್ನು ನೋಡಲು ಅವಳು ಮೇಲೆ ಹತ್ತಿದ್ದಳು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ತಿಳಿಯಬೇಕಾದರೆ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಬೇಕು; ಗುಡುಗುಡು ಎಂದರೆ ಬಿಟ್ಟಿದೆ ಎಂದರ್ಥ. ಹಾಗೆ ನೂರಾರು ಕಾಯಿ ಅಲ್ಲಾಡಿಸಿ ಇಳಿದು ಬಂದಾಗ ಎಡಗಿವಿ ಬರಿದಾಗಿತ್ತು. ತೀರಿಹೋದ ಅವಳ ಅಮ್ಮ ತಮ್ಮ ಕಿವಿಯಿಂದಲೇ ಬಿಚ್ಚಿ ಮಗಳಿಗೆ ಹಾಕಿದ್ದ ಓಲೆ ಅದು. ಇನ್ನು ನಾಲ್ಕು ದಿನಕ್ಕೆ ತುರುವೇಕೆರೆಯಲ್ಲಿ ಅವಳ ತಂಗಿ ಮಗಳ ಮದುವೆ. "ಅಮ್ಮುನ್ನ ಇನ್ನೊಂದ್ಸಲ ಕಳ್ಕೊಂಡಂಗಾಯ್ತು ಕಣ್ರೀ" ಎಂದು ಏಣಿಯ ಬುಡದಲ್ಲೇ ಕುಳಿತುಬಿಟ್ಟಳು.

ನಮ್ಮ ಅಟ್ಟದಲ್ಲಿ ಹಗಲೂ ಕತ್ತಲೆ. ಕಾಯಿಗಳ ಒಣ ಮಟ್ಟೆಯ ನಡುವೆ ವೈರು ಎಳೆದರೆ ಇಲಿ ಕಡಿದೀತೆಂಬ ಭಯಕ್ಕೆ ಅಲ್ಲಿ ದೀಪ ಹಾಕಿಸಿಲ್ಲ. ಮೊಬೈಲಿನ ಬೆಳಕು ಕಾಯಿಗಳ ಸಂದಿಗೆ ಇಳಿಯಲಿಲ್ಲ. ನನ್ನ ಟಾರ್ಚಿಗೆ ಕಾಲ ಬಂತೆಂದು ಠೀವಿಯಿಂದ ಹತ್ತಿದೆ. ಎರಡು ನಿಮಿಷ ಹುಡುಕುವುದು, ಅರ್ಧ ಗಂಟೆ ಅದು ತಣ್ಣಗಾಗಲೆಂದು ಕಾಯುವುದು. ಮಧ್ಯಾಹ್ನವಾದರೂ ಒಂದು ಮೂಲೆ ಮುಗಿಯಲಿಲ್ಲ. ಮೇಲಾಗಿ ನಾರು ಸೀದ ವಾಸನೆ ಬೇರೆ ಹೊರಟಿತು.

ಗಿರಿಜ ಟಾರ್ಚನ್ನು ಕಿತ್ತುಕೊಂಡು, "ಅಟ್ಟಕ್ಕೆ ಬೆಂಕಿ ಇಕ್ತೀರೇನ್ರೀ? ಇದ್ಯಾಕೆ ಹಿಂಗೆ ಸುತ್ತಿದೀರ?" ಎಂದಳು.

"ಕೈಗೆ ಬಿಸಿ ತಾಗದಿರಲಿ ಅಂತ."

"ನಿಮ್ ಕೈಗೆ ಬರ್ದೇ ಇದ್ರೆ ಬಿಸಿ ಇನ್ನೆಲ್ಲಿಗೋದಾತು? ಒಳಗೇ ಕುಂತು ಬೇಯ್ತದೆ. ಮುದ್ದೆ ಆರ್ದೇ ಇರ್ಲಿ ಅಂತ ನಾವು ಬಟ್ಟೆ ಸುತ್ತೀವಿ. ನೀವು ಆರ್ಬೇಕಾದ್ದಕ್ಕೆ ಸ್ವೆಟರ್ ಹಾಕಿದೀರಲ್ರೀ!"

ಮರ, ಬಟ್ಟೆ, ನಾರು ಇವು ಶಾಖವನ್ನು ಸಾಗಗೊಡುವುದಿಲ್ಲ ಎಂದು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿರುವವನು ನಾನು. ಬರೆಯಲು ತಪ್ಪಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನೂ ನಾನೇ. ಅಟ್ಟದಲ್ಲಿ ಬೆಂಚಿರಲಿಲ್ಲ, ಬದುಕಿದೆ.

ನಾರನ್ನೆಲ್ಲ ಕಿತ್ತೆಸೆದೆ. ಹಿಂದೊಮ್ಮೆ ನಾನೇ ಕೆಡಿಸಿಟ್ಟಿದ್ದ ಆಂಪ್ಲಿಫೈಯರಿನ ಹಿಂಬದಿಯಲ್ಲಿ ಬಾಚಣಿಗೆಯಂತೆ ಹಲ್ಲುಗಳಿರುವ ಅಲ್ಯೂಮಿನಿಯಂ ತುಂಡಿತ್ತು. ಅದಕ್ಕೆ ಎಲ್‌ಇಡಿಯ ಬೆನ್ನನ್ನು ಒತ್ತಿ ಬಿಗಿದು, ಟಾರ್ಚಿನ ಮೂತಿಯಲ್ಲಿ ಕೂರಿಸಿದೆ. ನೋಡಲು ಹಂದಿಮೂತಿಯಾಯಿತು. ಆದರೆ ಬಿಸಿ ಆ ಹಲ್ಲುಗಳಿಗೆ ಹರಿದು ಗಾಳಿಗೆ ಹೋಗತೊಡಗಿತು. ಹತ್ತು ನಿಮಿಷ ಉರಿಯಿತು, ಇಪ್ಪತ್ತು ನಿಮಿಷ ಉರಿಯಿತು, ಬೆಳಕು ಕುಗ್ಗಲಿಲ್ಲ! ಹಿಡಿ ಬರೀ ಉಗುರು ಬೆಚ್ಚಗಿತ್ತು. ನಾನು ಬೆಳಕು ಹಿಡಿದೆ, ಗಿರಿಜ ಒಂದೊಂದೇ ಕಾಯಿ ಎತ್ತಿಟ್ಟಳು. ಮುಕ್ಕಾಲು ಗಂಟೆಗೆ ಒಂದು ಕಾಯಿಯ ಮಟ್ಟೆಯ ಎಳೆಗಳ ನಡುವೆ ಏನೋ ಮಿಣುಕ್ ಎಂದಿತು. "ಅಗೋ, ಅಗೋ! ಸಿಕ್ತು ಕಣ್ರೀ!" ಓಲೆಯನ್ನು ಕಣ್ಣಿಗೊತ್ತಿಕೊಂಡು ಅವಳು ಅತ್ತಳು. ನಾನು ಟಾರ್ಚನ್ನು ಗೆದ್ದ ಕಪ್ಪಿನಂತೆ ಎತ್ತಿ ಹಿಡಿದು, ತಲೆಯನ್ನು ಜಂತೆಗೆ ಹೊಡೆಸಿಕೊಂಡೆ. ನೋವೇ ಆಗಲಿಲ್ಲ.

ಮದುವೆಮನೆಯಲ್ಲಿ ಗಿರಿಜ ಎರಡೂ ಓಲೆ ತೋರಿಸುತ್ತಾ ಎಲ್ಲರಿಗೂ ಹೇಳಿದ್ದು ಇಷ್ಟೇ: "ನಮ್ಮೋರು ಮೇಷ್ಟ್ರಲ್ವಾ? ತಲೆ ಓಡ್ಸಿ ಒಂದು ಟಾರ್ಚ್ ಮಾಡಿ ಹುಡುಕ್ಕೊಟ್ರು." ಸ್ವೆಟರಿನ ಮಾತೇ ಇಲ್ಲ! ನಾಚಿಕೆಯಿಂದ ನಾನು ತಲೆ ತಗ್ಗಿಸಿದೆ. "ಅಷ್ಟು ಬುದ್ಧಿ ಇದ್ರೂ ಎಷ್ಟು ವಿನಯ ನೋಡಪ್ಪ" ಎಂದು ಅವಳ ಕಡೆಯವರು ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದರು. ನಿಜ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದೆ. ಆದರೆ ಹೆಂಡತಿಯನ್ನು ಅವಳ ತವರಿನವರ ಮುಂದೆ ಸುಳ್ಳಿಯನ್ನಾಗಿ ಮಾಡುವುದು ಗಂಡನಾದವನಿಗೆ ಶೋಭೆಯೇ? ಅವಳ ಮಾನ ಉಳಿಸಲೆಂದು ಹೋಳಿಗೆ ತಿನ್ನುತ್ತಾ ಸುಮ್ಮನಿದ್ದೆ.