ಸಾಮಾನಗಡ ಹತ್ತಿದ ನಮ್ಮ ಅತ್ತಿ

ನಮ್ಮ ಅತ್ತಿಯ ಕಿವಿ ಬಹಳ ಚುರುಕು. ಆದರೆ ‘ಬ್ಯಾಡ’ ಎಂಬ ಒಂದು ಶಬ್ದ ಮಾತ್ರ ಆಕೆಗೆ ಕೇಳಿಸುತ್ತಲೇ ಇರಲಿಲ್ಲ! ಅಪ್ಪ ಅಂದರೂ ಅಷ್ಟೇ, ಜೈನ ಬಸ್ತಿಯ ಉಪಾಧ್ಯರು ಅಂದರೂ ಅಷ್ಟೇ. ಕೊಲ್ಲಾಪುರದ ಮಹಾರಾಜರೇ ನಮ್ಮೂರು ಗಡಹಿಂಗ್ಲಜಕ್ಕೆ ಬಂದು ಅಂದಿದ್ದರೆ, “ಮದ್ಲ ಕುಂದರ್ರಿ, ಯಾಕ ಬ್ಯಾಡ ಹೇಳ್ರಿ” ಎಂದು ಅವರಿಗೂ ಮಣೆ ಹಾಕುತ್ತಿದ್ದಳು. ಅತ್ತಿ ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ವಿಧವೆಯಾಗಿ, ಎಷ್ಟೋ ವರ್ಷದ ಮೇಲೆ ನಮ್ಮ ಮನೆಗೆ ಬಂದವಳು. ವಿಧವೆ ಮಂದಿಯ ಎದುರು ಬರಬಾರದು ಎನ್ನುತ್ತಿತ್ತು ಊರು. ಮಂದಿಯೇ ಎದುರು ಬಂದರೆ ಆಕೆಯೇನು ಮಾಡಬೇಕು?

ದೊಡ್ಡ ಯುದ್ಧದ ಕಾಲವದು. ನಮ್ಮ ಸಾಲಿಯವರು ಊರ ಹತ್ತಿರದ ಗುಡ್ಡದ ಕೋಟೆ ಸಾಮಾನಗಡ ಹತ್ತಿ, ಮೇಲಿನ ಗುಡಿಯಲ್ಲಿ ಒಂದು ರಾತ್ರಿ ಇದ್ದು ಬರುವುದೆಂದು ಗೊತ್ತುಮಾಡಿದರು. ಹುಡುಗರಿಗೆ ಮಾತ್ರ! ಜೊತೆಗೊಬ್ಬ ಹೆಂಗಸಿಲ್ಲದೆ ಹುಡುಗಿಯರನ್ನು ಒಯ್ಯಲಾಗದು ಎಂದರು ಹೆಡ್‌ಮಾಸ್ತರರು. ನಾನು ಅಳುತ್ತ ಮನೆಗೆ ಬಂದೆ. ಅತ್ತಿ ನನ್ನ ಕಣ್ಣೀರು ಒರೆಸಲಿಲ್ಲ. ಸೆರಗು ಸಿಕ್ಕಿಸಿಕೊಂಡು ಸೀದಾ ಸಾಲಿಗೆ ನಡೆದಳು.

“ಹೆಂಗಸು ಬೇಕಂದ್ರಂತ. ಬಂದೇನಿ ನೋಡ್ರಿ.”

ಹೆಡ್‌ಮಾಸ್ತರರು ತಡವರಿಸಿದರು. “ಅಕ್ಕಾರ, ನೀವು ಗುಡ್ಡ ಹತ್ತಿದರ ಮಂದಿ ಏನಂದಾರ್ರಿ?”

“ಮಂದೀನೂ ಗುಡ್ಡಕ್ಕ ಬರತಾರೇನ್ರಿ? ಇಲ್ಲಲ್ಲ! ಮತ್ತ ಅವರ ಮಾತು ಯಾಕ?”

ಹೊರಡುವ ದಿನ ಅಪ್ಪನ ಹಳೆಯ ಕೊಲ್ಲಾಪುರಿ ಚಪ್ಪಲಿ ಮೆಟ್ಟಿಕೊಂಡಳು. ವಿಧವೆಗೆ ಚಪ್ಪಲಿಯೇ? ಅದೂ ಒಂದೊಂದು ದೋಣಿಯಷ್ಟು! ಪೇಟೆಯ ನಡುವೆ ಕರ್ರ್ ಕರ್ರ್ ಎಂದು ಹೊರಟರೆ ಬಾಗಿಲುಗಳೆಲ್ಲ ತೆರೆದವು. ಅತ್ತಿ ಎಲ್ಲ ಬಾಗಿಲಿಗೂ, “ಹೋಗಿ ಬರತೇನ್ರೀ!” ಎಂದಳು. ಎಲ್ಲಿಗೆ ಹೊರಟೆ ಎಂದು ಕೇಳಿದವರಾರು? ಯಾರೂ ಇಲ್ಲ!

ಏರು ಅರ್ಧವಾಗುವಷ್ಟರಲ್ಲಿ ಕವಾಯತು ಮಾಸ್ತರರು ಏದುಸಿರು ಬಿಡುತ್ತ ಕಲ್ಲಿನ ಮೇಲೆ ಕುಳಿತರು. ಹುಡುಗಿಯರು ಇಲ್ಲೇ ನಿಂತು ಅಡಿಗೆ ಮಾಡಲಿ, ತುದಿಗೆ ಹುಡುಗರಷ್ಟೇ ಹೋಗಲಿ ಎಂದು ಮರಾಠಿಯಲ್ಲಿ ಅಪ್ಪಣೆ ಕೊಟ್ಟರು: “ಮುಲೀ ಇಥೇಚ ಥಾಂಬತೀಲ!”

“ದಣದು ಕುಂತವರು ನೀವ. ನೀವ ಇಲ್ಲಿ ನಿಲ್ರಿ, ತುಮ್ಹೀಚ ಥಾಂಬಾ, ಮಾಸ್ತರ!” ಎಂದು ಅತ್ತಿ ಸೌಟನ್ನು ಅವರ ಕೈಗಿಟ್ಟು ನಮ್ಮನ್ನು ಮೇಲಕ್ಕೆ ಹೊರಡಿಸಿದಳು. ಪಾಪ, ಅವರು ಒಂದು ಕೈಯಲ್ಲಿ ಸೀಟಿ, ಇನ್ನೊಂದರಲ್ಲಿ ಸೌಟು ಹಿಡಿದು ಹಿಂದೆ ಬಂದರು. ನಮ್ಮದು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನೆತನ. ಆ ಸಂಜೆ ಇಡೀ ಸಾಲಿಯೇ ಜೈನವಾಯಿತು! ಬಡಿಸಿದವರು ಕವಾಯತು ಮಾಸ್ತರರು.

ಬೆಳಗ್ಗೆ ಎದ್ದರೆ ಅತ್ತಿ ಕೋಟೆಯ ಗೋಡೆಯ ಬಳಿ ಒಬ್ಬಳೇ ನಿಂತಿದ್ದಳು. ತಲೆಯ ಮೇಲಿನ ಸೆರಗು ಗಾಳಿಗೆ ಜಾರಿತ್ತು. ಎಳೆದುಕೊಂಡಿರಲಿಲ್ಲ. ಬಯಲಿನಲ್ಲಿ ಒಂದು ಕಡೆ ಬೆರಳು ಮಾಡಿದಳು.

“ಅದ ನೋಡವಾ, ಮಹಾಗಾಂವ. ನನ್ನ ಗಂಡನ ಮನಿ ಅಲ್ಲೇ ಇತ್ತು. ಅವರು ಹೋದ ಮ್ಯಾಲ ನನ್ನ ಹಿಂದಿನ ಕ್ವಾಣ್ಯಾಗ ಕುಂದರಿಸಿದ್ರು. ವರ್ಷಗಟ್ಟಲೆ ಕುಂತಿದ್ದೆ. ಜಗತ್ತಂದ್ರ ಅಷ್ಟ ಅಂತ ತಿಳದಿದ್ದೆ.”

ಅತ್ತಿ ನನ್ನ ಕೈ ಹಿಡಿದುಕೊಂಡಳು.

“ಇಲ್ಲಿಂದ ಎಷ್ಟು ಸಣ್ಣದು ಕಾಣತೈತಿ ನೋಡು!” ಎಂದು ನಕ್ಕಳು.