ವ್ಯಾನಿನೊಳಗಿನ ಮಿಸ್ಸು

ವಾಡಿಯಿಂದ ಸೇಡಂವರೆಗೆ ಹುಡುಕಿದರೂ ನನ್ನ ಸೋದರಮಾವನಷ್ಟು ಇಂಜಿನ್ ಬಲ್ಲವರು ಸಿಗುವುದಿಲ್ಲ. ಹಾಗಂತ ಹೇಳುವವನು ಅವನೊಬ್ಬನೇ! ಅವನ ಹಳೆಯ ಪೆಟ್ರೋಲ್ ವ್ಯಾನು ಮಾತ್ರ ಇದನ್ನು ಇನ್ನೂ ಒಪ್ಪಿಕೊಂಡಿಲ್ಲ.

ನಾವು ಐವರು ಟೀಚರುಗಳು ವಾಡಿಯಿಂದ ಚಿತ್ತಾಪುರಕ್ಕೆ ದಿನಾ ಹೋಗುತ್ತಿದ್ದುದು ಅದರಲ್ಲೇ. ಆರು ತಿಂಗಳಿಂದ ಅದು ಏರು ಬಂದಲ್ಲೆಲ್ಲ ಬಿಕ್ಕುತ್ತಿತ್ತು, ಜಗ್ಗುತ್ತಿತ್ತು, ನಿಲ್ಲುತ್ತಿತ್ತು. ಮೆಕ್ಯಾನಿಕ್ಕುಗಳು ಈ ರೋಗಕ್ಕೆ ‘ಮಿಸ್’ ಎನ್ನುತ್ತಾರೆ. ನಮ್ಮ ಹೆಡ್‌ಮಾಸ್ತರರಿಗೆ ಅಷ್ಟೇ ಸಾಕಾಯಿತು.

“ಯಾಕ್ರಿ ಲೇಟು?”

“ಗಾಡ್ಯಾಗ ಮಿಸ್ ಇತ್ರಿ ಸರ್.”

“ಅದು ಗೊತ್ತದರಿ. ಆ ಗಾಡ್ಯಾಗಿನ ಮಿಸ್ಸಿಗೇ ಕೇಳಾಕತ್ತೀನಿ!”

ಸ್ಟಾಫ್ ರೂಮೆಲ್ಲ ನಕ್ಕಿತು. ನನಗೆ ಮೈ ಉರಿಯಿತು. ಇಬ್ಬರು ಟೀಚರುಗಳು ಬಸ್ಸು ಹಿಡಿದರು. ಉಳಿದಿಬ್ಬರು, “ಈ ತಿಂಗಳು ನೋಡ್ತೀವಿ” ಎಂದರು. ಅವರೂ ಹೋದರೆ ಮಾಮನಿಗೆ ಬೇರೆ ದುಡಿಮೆಯಿಲ್ಲ, ಮನೆಯಲ್ಲಿ ಕೂರಬೇಕು.

ರಿಪೇರಿಯವನ ಹತ್ತಿರ ಒಯ್ಯಬಾರದೇ? “ಅಂವಾ ಸ್ಪ್ಯಾನರ್ ಹಿಡಿಯೋದು ಕಲ್ತಿದ್ದೇ ನನ್ನ ಮುಂದ!” ಎನ್ನುತ್ತಿದ್ದ ಮಾಮ. ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟು, ಕಣ್ಣು ಮುಚ್ಚಿ ಮಾಮ ಡಾಕ್ಟರಾಗುತ್ತಾನೆ. ಪ್ಲಗ್ ಬದಲಿಸಿದ. ಬ್ಯಾಟರಿಯ ವೈರು, ಬಲ್ಬಿನ ವೈರು, ಕೊನೆಗೆ ಹಾರ್ನಿನ ವೈರನ್ನೂ ಕಿತ್ತ. ಮಿಸ್ ಹೋಗಲಿಲ್ಲ, ಹಾರ್ನ್ ಹೋಯಿತು! ರಾವೂರಿನ ಕಲ್ಲಿನ ಲಾರಿಗಳ ನಡುವೆ ಕಿಟಕಿಯಿಂದ ತಲೆ ಹೊರಹಾಕಿ, “ಸರೀರಿ, ಸರೀರಿ” ಎಂದು ಒದರುವ ಕೆಲಸ ನನಗೆ ಬಂತು. ನಾನು ಬಿ.ಎಡ್. ಓದಿದ್ದು ಇದಕ್ಕೇನು?

ಮೊನ್ನೆ ಅಮಾವಾಸ್ಯೆಯ ಮರುದಿನ ಭಾನುವಾರ. ಮಾಮ ಮುಂದಿನ ಸೀಟೆತ್ತಿ, ಅದರಡಿಯ ಇಂಜಿನ್ನಿಗೆ ಬಗ್ಗಿದ. ಪ್ಲಗ್ಗಿಗೆ ಕರೆಂಟ್ ಒಯ್ಯುವ ದಪ್ಪ ವೈರಿನ ಮೇಲೆ ಇರುವೆಗಳ ಸಾಲು!

“ಕರೆಂಟಿಗೆ ಇರುವಿ ಯಾಕ ಬಂದಾವ?” ಎಂದವನೇ ವೈರು ಕಿತ್ತು ತುದಿ ನೆಕ್ಕಿದ. ಶಿವನೇ!

“ಸಿಹಿ ಅದ,” ಎಂದ. ತುದಿಯೊಳಗೆಲ್ಲ ಹಸಿರು ಕಿಲುಬು.

ನನಗೆ ಥಟ್ಟನೆ ಹೊಳೆಯಿತು. ಅಮಾವಾಸ್ಯೆಗೊಮ್ಮೆ ಅತ್ತೆ ವ್ಯಾನಿಗೆ ಕಾಯಿ ಒಡೆಯುತ್ತಾಳೆ. ಆ ನೀರನ್ನು ಎಲ್ಲರಂತೆ ಗಾಲಿಗೆ ಹಾಕದೆ, ಸೀಟೆತ್ತಿ ಇಂಜಿನ್ನಿನ ನೆತ್ತಿಗೇ ಸುರಿಯುತ್ತಾಳೆ! ಆರು ತಿಂಗಳ ಅವಮಾನವನ್ನೆಲ್ಲ ಆಕೆಯ ಮುಂದೆ ಕಕ್ಕಿಬಿಡೋಣವೆಂದು ಹೊರಟೆ. ಮಾಮ ಕೈ ಹಿಡಿದ.

“ಬ್ಯಾಡವ್ವಾ. ಮಗಳು ಹೋದ ಮ್ಯಾಲ ಆಕಿ ದೇವರ ಜಗಲಿ ಕಡಿ ಹೊಳ್ಳಿ ನೋಡಿಲ್ಲ. ಈ ಗಾಡಿಗಷ್ಟೇ ಕೈ ಮುಗೀತಾಳ, ನಾ ಸುಖರೂಪ ಮನಿಗಿ ಬರ್ಲಿ ಅಂತ. ಅದೂ ತಪ್ಪಂತ ಹ್ಯಾಂಗ ಹೇಳ್ಲಿ?”

ಹೋದ ವರ್ಷ ಜ್ವರದಲ್ಲಿ ಸತ್ತ ಅವರ ಒಬ್ಬಳೇ ಮಗಳ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಾನು ಹಿಂತಿರುಗಿ ಬಂದು, ಎತ್ತಿದ ಸೀಟು ಹಿಡಿದು ನಿಂತೆ.

ಮಾಮ ಹೊಸ ವೈರು ಹಾಕಿ, ಹಳೆಯ ಸೈಕಲ್ ಟ್ಯೂಬು ಕತ್ತರಿಸಿ, ನೀರಿಳಿಯದಂತೆ ಅದಕ್ಕೆ ಬಿಗಿಯಾಗಿ ತೊಡಿಸಿದ. ವ್ಯಾನು ಒಂದೇ ಸಲಕ್ಕೆ ಬಿಕ್ಕದೆ ಶುರುವಾಯಿತು. ಸದ್ದು ಕೇಳಿ ಅತ್ತೆ ಹೊರಗೆ ಬಂದಳು.

“ಇದೇನ್ರಿ, ಇದಕ್ಕ ಅಂಗಿ ಹಾಕೀರಿ?”

“ಕಲ್ಲಿನ ಧೂಳು ಭಾಳ ಕುಂದ್ರಾಕತ್ತದ, ಅದಕ್ಕ.”

“ನಿನ್ನಿ ಪೂಜಾ ಮಾಡಿದ್ದೆ, ನೋಡ್ರಿ. ಇವತ್ತ ಛಲೋ ಆತು!”

“ಹೂಂ. ನಿನ್ನ ಪೂಜಾ ಫಲಿಸ್ತು,” ಎಂದ ಮಾಮ, ತಲೆ ಎತ್ತದೆ.

ಎಷ್ಟೋ ತಿಂಗಳ ಮೇಲೆ ಅತ್ತೆ ನಕ್ಕಳು. ಎಂಥ ಮಾತಾಡಲು ಹೊರಟಿದ್ದೆನಲ್ಲ ಎಂದು ನನಗೆ ಅಳು ಬಂತು.